ಅರಳು ಮರಳು ಅಂತ ಬಿಡುವ ಮುಂಚೆ: ಹಿರಿಯರ ನೆನಪಿಗೆ ಕಂಪ್ಯೂಟರ್ ಪರೀಕ್ಷೆ ಮಾಡಿಸುವ ಬಗೆ

ನಮ್ಮ ಸೋದರಮಾವ ರಾಯಚೂರಿನ ಗಂಜ್‌ನಲ್ಲಿ ಒಂದು ಅಡತ್ ಅಂಗಡಿಯ ಲೆಕ್ಕ ಬರೆಯುತ್ತಿದ್ದವರು. ಹತ್ತಿ, ತೊಗರಿ, ಸೂರ್ಯಕಾಂತಿ. ಇಷ್ಟು ಚೀಲ, ಕ್ವಿಂಟಲ್‌ಗೆ ಇಷ್ಟು ದರ, ಹಮಾಲಿ ಕಳೆದು ರೈತನ ಕೈಗೆ ಎಷ್ಟು ಅಂದರೆ ಪೆನ್ನು ಮುಟ್ಟದೆ ಹೇಳುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ದಿನ ಒಬ್ಬನೇ ರೈತನ ಪಟ್ಟಿಯನ್ನು ಎರಡು ಸಲ ಬರೆದರು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮುಂದಿನ ತಿಂಗಳು ಮತ್ತೆ ಹಾಗೇ ಆಯಿತು. ಅತ್ತೆಯದು ಒಂದೇ ಮಾತು: "ಎಪ್ಪತ್ತಾತಲ್ಲ, ಅರಳು ಮರಳು. ಬಿಡು."

ನಾನು ಬಿಡಲಿಲ್ಲ, ಆದರೆ ಮಾಡಿದ್ದೂ ಸರಿಯಿರಲಿಲ್ಲ. ಆವತ್ತು ರಾತ್ರಿ ಊಟ ಆದ ಮೇಲೆ ಫೋನಿನಲ್ಲಿ ಯಾವುದೋ 'ಮೆದುಳು ಪರೀಕ್ಷೆ' ಆ್ಯಪ್ ಇಳಿಸಿ ಅವರ ಮುಂದೆ ಹಿಡಿದೆ. ಸೂಚನೆ ಎಲ್ಲ ಇಂಗ್ಲಿಷ್‌ನಲ್ಲಿ. ನಾನು ಓದಿ ಹೇಳಬೇಕು, ಅವರು ಒತ್ತಬೇಕು. ಹಿಮದ ಮನೆಯ ಚಿತ್ರ ಬಂತು, ಇಗ್ಲೂ. "ಏನೋ ಅಳ್ಯಾ ಇದು, ಇಡ್ಲಿ ಕವುಚಿ ಇಟ್ಟಂಗ ಐತಿ" ಅಂದರು. ಆ್ಯಪ್‌ಗೆ ಅದು ತಪ್ಪು ಉತ್ತರ. ಕೊನೆಗೆ ಕೆಂಪು ಬಣ್ಣದಲ್ಲಿ 'ಅಪಾಯ' ಅಂತ ತೋರಿಸಿತು. ಅತ್ತೆ ರಾತ್ರಿಯೆಲ್ಲ ಅತ್ತರು.

ಆಮೇಲೆ ಸರಿಯಾದ ದಾರಿಯಲ್ಲೇ ಹೋಗಿ ಪರೀಕ್ಷೆ ಮಾಡಿಸಿದೆವು. ನೀವು ನನ್ನ ಹಾಗೆ ಎಡವದಿರಲಿ ಅಂತ ಆ ದಾರಿಯನ್ನು ಬರೆಯುತ್ತಿದ್ದೇನೆ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು.

ಯಂತ್ರ ನೋಡುವುದು ಏನನ್ನು

ಕಂಪ್ಯೂಟರ್ ಪರೀಕ್ಷೆ ಅಂದರೆ ತಲೆಗೆ ತಂತಿ ಹಚ್ಚುವುದಲ್ಲ. ಟ್ಯಾಬ್ ಮೇಲೆ ಆಟದ ತರಹದ ಕೆಲಸಗಳು ಬರುತ್ತವೆ. ಐದು ಪದ ಕೇಳಿಸಿ, ಹತ್ತು ಹದಿನೈದು ನಿಮಿಷ ಬೇರೇನೋ ಮಾಡಿಸಿ, ಆ ಪದಗಳನ್ನು ಮತ್ತೆ ಕೇಳುವುದು. ಯಾವ ಡಬ್ಬಿಯಲ್ಲಿ ಯಾವ ಚಿತ್ರ ಇತ್ತು ಅಂತ ತೋರಿಸುವುದು. ಗುರುತು ಕಂಡ ಕೂಡಲೇ ಪರದೆ ಒತ್ತುವುದು. 1, 2, 3 ಅಂತ ಅಂಕಿಗಳನ್ನು ಸಾಲಾಗಿ ಬೆರಳಿನಿಂದ ಜೋಡಿಸುತ್ತಾ ಹೋಗುವುದು.

ಇಂಥ ಕೆಲವು ಕೆಲಸಗಳನ್ನು ಕಾಗದದ ಮೇಲೂ ಮಾಡಿಸುತ್ತಾರೆ. 1975ರಲ್ಲಿ ಬಂದ ಎಂಎಂಎಸ್‌ಇ, 2005ರಲ್ಲಿ ಪ್ರಕಟವಾದ ಮೋಕಾ, ಎರಡೂ 30 ಅಂಕದ ಕಾಗದದ ಪರೀಕ್ಷೆಗಳೇ. ಕಂಪ್ಯೂಟರ್‌ನ ಹೆಚ್ಚುಗಾರಿಕೆ ಎರಡು. ಎಲ್ಲರಿಗೂ ಒಂದೇ ದನಿಯಲ್ಲಿ, ಒಂದೇ ವೇಗದಲ್ಲಿ ಕೇಳುತ್ತದೆ. ಉತ್ತರ ಕೊಡಲು ತಗೊಂಡ ಸಮಯವನ್ನು ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಬರೆದಿಡುತ್ತದೆ. ಉತ್ತರ ಸರಿಯಿದ್ದರೂ ಒಮ್ಮೆ ಪಟಕ್ಕನೆ, ಒಮ್ಮೆ ತೀರಾ ನಿಧಾನವಾಗಿ ಬರುತ್ತಿದ್ದರೆ ಗಮನ ಜಾರುತ್ತಿದೆ ಅಂತ ಗೊತ್ತಾಗುತ್ತದೆ. ಕೂತು ನೋಡುವವರ ಕಣ್ಣಿಗೆ ಇದು ಸಿಗುವುದಿಲ್ಲ.

ಆದರೆ ಇದು ಸ್ಕ್ರೀನಿಂಗ್ ಮಾತ್ರ, ಅಂದರೆ ಜರಡಿ ಹಿಡಿದ ಹಾಗೆ. ಡಿಮೆನ್ಷಿಯಾ, ಅಂದರೆ ದಿನದ ಕೆಲಸಕ್ಕೇ ಅಡ್ಡಿಯಾಗುವ ಮರೆವಿನ ಕಾಯಿಲೆ, ಇದೆ, ಇಲ್ಲ ಅಂತ ತೀರ್ಪು ಕೊಡುವ ಕೆಲಸ ಇದರದ್ದಲ್ಲ.

ಮೊದಲು ಒಂದು ವಾರ ನೋಟ್‌ಬುಕ್

ಟ್ಯಾಬ್ ಹುಡುಕುವ ಮುಂಚೆ ಒಂದು ಸಣ್ಣ ನೋಟ್‌ಬುಕ್ ತಗೊಳ್ಳಿ. ಮನೆಯವರು ಬರೆದಿದ್ದಕ್ಕೆ ಯಂತ್ರದ ಅಂಕದಷ್ಟೇ ತೂಕ ಇದೆ. ಎಡಿ8 ಅನ್ನುವ ಎಂಟು ಪ್ರಶ್ನೆಯ ಪಟ್ಟಿಯನ್ನು ವೈದ್ಯರು ಮನೆಯವರ ಹತ್ತಿರವೇ ಕೇಳುತ್ತಾರೆ. ಅದು ನೋಡುವುದು, ಈಚಿನ ವರ್ಷಗಳಲ್ಲಿ ಇಂಥ ಬದಲಾವಣೆ ಬಂದಿದೆಯಾ ಅಂತ: ವ್ಯವಹಾರದಲ್ಲಿ ತಪ್ಪು ತೀರ್ಮಾನ, ಇಷ್ಟದ ಕೆಲಸದಲ್ಲಿ ಆಸಕ್ತಿ ಕುಂದಿದ್ದು, ಹೇಳಿದ್ದನ್ನೇ ಹೇಳುವುದು, ಹೊಸ ಯಂತ್ರ ಕಲಿಯಲು ಕಷ್ಟ, ತಿಂಗಳು ವರ್ಷ ಮರೆಯುವುದು, ಹಣದ ಲೆಕ್ಕ ತಪ್ಪುವುದು, ಹೋಗಬೇಕಾದ ಕಡೆ ಹೋಗುವುದು ಮರೆಯುವುದು, ದಿನದಿನವೂ ಯೋಚನೆ ನೆನಪಿನ ತೊಂದರೆ. ಎರಡು ಅಥವಾ ಜಾಸ್ತಿ 'ಹೌದು' ಬಂದರೆ ಮುಂದಿನ ಪರೀಕ್ಷೆ ಬೇಕು ಅಂತ ಅರ್ಥ.

ಇಲ್ಲಿ ಮುಖ್ಯವಾದ ಮಾತು 'ಬದಲಾವಣೆ'. ನಮ್ಮ ಅಜ್ಜಿಗೆ ಇಂಗ್ಲಿಷ್ ತಿಂಗಳು ಯಾವತ್ತೂ ಗೊತ್ತಿರಲಿಲ್ಲ. ಶ್ರಾವಣ, ಕಾರ್ತಿಕ ಗೊತ್ತಿತ್ತು. ಅಂಥವರಿಗೆ ಸೆಪ್ಟೆಂಬರ್ ಗೊತ್ತಿಲ್ಲದಿದ್ದರೆ ಅದು ಮರೆವಲ್ಲ. ಈ ಸಲ ಶ್ರಾವಣ ಬಂದದ್ದೇ ತಿಳಿಯಲಿಲ್ಲ ಅಂದರೆ ಬರೆದಿಡಿ. ಚಾವಿ ಎಲ್ಲಿಟ್ಟೆ ಅಂತ ಹುಡುಕುವುದು ಎಲ್ಲರಿಗೂ ಇದೆ. ಚಾವಿ ಸಿಕ್ಕ ಮೇಲೆ ಇದು ಯಾವ ಬೀಗದ್ದು ಅಂತ ನಿಂತರೆ ಆ ದಿನಾಂಕ ನೋಟ್‌ಬುಕ್‌ಗೆ ಹೋಗಲಿ. ಮಾವನ ನೋಟ್‌ಬುಕ್‌ನಲ್ಲಿ ಅತ್ತೆ ಬರೆಸಿದ ಒಂದು ಸಾಲು: "ಸೋಮವಾರ, ಚಹಾ ಕುಡಿದು ಅರ್ಧ ತಾಸಿಗೆ ಚಹಾ ಯಾಕ ಕೊಡಲಿಲ್ಲ ಅಂದರು." ಆಸ್ಪತ್ರೆಯಲ್ಲಿ ಡಾಕ್ಟರ್ ಬೆರಳಿಟ್ಟದ್ದು ಇದೇ ಸಾಲಿನ ಮೇಲೆ.

ಒಂದು ಎಚ್ಚರಿಕೆ. ನಿನ್ನೆ ಚೆನ್ನಾಗಿದ್ದವರು ಇವತ್ತು ಗೊಂದಲ ಮಾಡಿಕೊಂಡು ಮಾತಾಡಿದರೆ, ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಕೈಕಾಲು ಸ್ವಾಧೀನ ತಪ್ಪಿದರೆ ನೋಟ್‌ಬುಕ್ಕೂ ಬೇಡ, ಟ್ಯಾಬೂ ಬೇಡ. 108ಕ್ಕೆ ಫೋನ್ ಮಾಡಿ ನೇರ ಆಸ್ಪತ್ರೆಗೆ ಹೋಗಿ. ಪಾರ್ಶ್ವವಾಯು, ಸಕ್ಕರೆ ಇಳಿದದ್ದು, ರಕ್ತದಲ್ಲಿ ಸೋಡಿಯಂ ಕಡಿಮೆ ಆದದ್ದು, ಮೂತ್ರದ ಸೋಂಕು, ಬಿದ್ದು ತಲೆಯೊಳಗೆ ರಕ್ತ ನಿಂತದ್ದು, ಏನೂ ಇರಬಹುದು.

ಕಣ್ಣು, ಕಿವಿ, ಮಾತ್ರೆ

ಪೊರೆ ಬಂದ ಕಣ್ಣಿಗೆ ಪರದೆಯ ಗುರುತು ತಡವಾಗಿ ಕಾಣುತ್ತದೆ. ಯಂತ್ರ ಅದನ್ನು 'ನಿಧಾನ ಬುದ್ಧಿ' ಅಂತ ಬರೆದುಕೊಳ್ಳುತ್ತದೆ. ಪದ ಸರಿಯಾಗಿ ಕೇಳಿಸದವರು ಅದನ್ನು ನೆನಪಿಟ್ಟುಕೊಳ್ಳುವುದಾದರೂ ಹೇಗೆ? ಮಾವನ ಕನ್ನಡಕ ಆರು ವರ್ಷ ಹಳೆಯದು. ಒಂದು ಕಣ್ಣಿಗೆ ಪೊರೆ. ಮೊದಲು ಕಣ್ಣಿನ ಡಾಕ್ಟರ್ ಹತ್ತಿರ ಕರಕೊಂಡು ಹೋದೆವು.

ಕಿವಿಯನ್ನಂತೂ ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. 2024ರ ಲ್ಯಾನ್ಸೆಟ್ ಆಯೋಗದ ವರದಿ ಡಿಮೆನ್ಷಿಯಾಕ್ಕೆ ದಾರಿ ಮಾಡುವ, ಆದರೆ ನಾವು ತಡೆಯಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿದೆ. ಕಿವಿ ಮಂದವಾಗುವುದು, ಕಣ್ಣು ಮಂದವಾಗುವುದು ಎರಡೂ ಅದರಲ್ಲಿವೆ. ಬಿಪಿ, ಸಕ್ಕರೆ, ಬೀಡಿ ಸಿಗರೇಟು, ಒಂಟಿತನ ಸಹ.

ಮಾತ್ರೆಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಚೀಟಿ ಸಾಲದು, ಮಾತ್ರೆಯ ಶೀಟೇ ಬೇಕು. ನಿದ್ದೆ ಮಾತ್ರೆ, ನೆಗಡಿ ಅಲರ್ಜಿಗೆ ಕೊಡುವ ಕೆಲವು ಹಳೇ ಮಾತ್ರೆ, ಮೂತ್ರ ಪದೇ ಪದೇ ಬರುತ್ತದೆ ಅಂತ ಕೊಡುವ ಕೆಲವು ಮಾತ್ರೆ ತಲೆಗೆ ಮಂಕು ಕವಿಸುತ್ತವೆ. ಸಕ್ಕರೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್, ಗ್ಯಾಸಿಗೆ ಅಂತ ದಿನಾ ಒಂದು ಪ್ಯಾಂಟೊಪ್ರಜೋಲ್ ನುಂಗುವವರಲ್ಲಿ ಬಿ12 ಕಡಿಮೆಯಾಗಬಹುದು. ಶುದ್ಧ ಸಸ್ಯಾಹಾರಿಗಳಾದರೆ ಇನ್ನೂ ಜಾಸ್ತಿ ಸಾಧ್ಯತೆ. ಮಾವನಿಗೆ ಈ ಮೂರೂ ಇದ್ದವು. ಆದರೆ ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ.

ಯಾವ ಪರೀಕ್ಷೆ, ಯಾವ ಭಾಷೆ

ನಮ್ಮ ಭಾಗದವರು ಜಾಸ್ತಿ ತಲೆ ಓಡಿಸಬೇಕಾದದ್ದು ಇಲ್ಲೇ. ಬಹುತೇಕ ಪರೀಕ್ಷೆಗಳು ಹುಟ್ಟಿದ್ದು ಇಂಗ್ಲಿಷ್ ದೇಶಗಳಲ್ಲಿ, ಶಾಲೆ ಕಲಿತವರಿಗಾಗಿ. ಮೋಕಾದಲ್ಲಿ 30ಕ್ಕೆ 26 ಬಂದರೆ ಸರಿ ಅನ್ನುವುದು ಮೂಲ ಲೆಕ್ಕ. ಶಾಲೆ 12 ವರ್ಷ ಅಥವಾ ಅದಕ್ಕಿಂತ ಕಡಿಮೆ ಆಗಿದ್ದರೆ ಒಂದು ಅಂಕ ಸೇರಿಸುತ್ತಾರೆ, ಅಷ್ಟೇ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋದವರಿಗೆ ಆ ಒಂದು ಅಂಕ ಯಾವ ಮೂಲೆಗೆ? 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆಯೇ ಶೇ 60ರ ಆಸುಪಾಸು. ಆಗಿನ ಹಿರಿಯರಲ್ಲಿ ಇನ್ನೂ ಕಡಿಮೆ ಅಂತ ಬಿಡಿಸಿ ಹೇಳಬೇಕಿಲ್ಲ. ಓದು ಬರಹ ಬಾರದವರಿಗಾಗಿಯೇ ಮೋಕಾ ಬೇಸಿಕ್ ಅನ್ನುವ ಬೇರೆ ರೂಪ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಕನ್ನಡ, ತೆಲುಗು, ಹಿಂದಿ, ಬಂಗಾಳಿ, ಮಲಯಾಳಂ ಭಾಷೆಗಳಲ್ಲಿ ನಮ್ಮವರಿಗೆ ಹೊಂದುವ ಪರೀಕ್ಷೆಗಳ ಗುಚ್ಛ ಮಾಡಿದೆ. ಪರೀಕ್ಷೆ ಮಾಡುವವರನ್ನು ಧೈರ್ಯವಾಗಿ ಕೇಳಿ: "ಇದು ಕನ್ನಡದಲ್ಲಿ ಇದೆಯಾ? ಶಾಲೆ ಕಲಿಯದವರಿಗೆ ಬೇರೆ ಲೆಕ್ಕ ಇದೆಯಾ?"

ಮನೆಮಾತೇ ಲೆಕ್ಕದ ಮಾತು ಆಗಿರಬೇಕು ಅಂತೇನಿಲ್ಲ. 1948ರವರೆಗೆ ರಾಯಚೂರು, ಕೊಪ್ಪಳ ನಿಜಾಮರ ಆಳ್ವಿಕೆಯಲ್ಲಿದ್ದವು. ಆ ಕಾಲದ ಶಾಲೆಗೆ ಹೋದವರು ಉರ್ದುವಿನಲ್ಲಿ ಕಲಿತರು. ನಮ್ಮ ಪಕ್ಕದ ಮನೆಯ ಅಜ್ಜ ಇವತ್ತಿಗೂ ಮಗ್ಗಿ ಹೇಳುವುದು ಉರ್ದುವಿನಲ್ಲೇ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು, ಅಲ್ಲಿ ತೆಲುಗಿನಲ್ಲಿ ಎಣಿಸುವ ಕನ್ನಡಿಗರು ಬೇಕಾದಷ್ಟು. ತಾಂಡಾದ ಹಿರಿಯರಿಗೆ ಲಂಬಾಣಿ. ಮಾವನ ಗಂಜ್ ವ್ಯವಹಾರವೆಲ್ಲ ತೆಲುಗು ವ್ಯಾಪಾರಿಗಳ ಜತೆ. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದಾಗ ಕನ್ನಡದಲ್ಲಿ 93 ಹೇಳಿ ತಡವರಿಸಿದರು. "ತೆಲುಗಿನಾಗ ಹೇಳಲಾ?" ಅಂತ ಕೇಳಿದರು. ಮನಃಶಾಸ್ತ್ರಜ್ಞೆ ಹ್ಞೂಂ ಅಂದರು. ಎನಭೈ ಆರು, ಡೆಬ್ಭೈ ತೊಮ್ಮಿದಿ ಅಂತ ಸರಸರ ಇಳಿದರು. ಎಣಿಸುವ ಭಾಷೆ ಯಾವುದು ಅಂತ ಮುಂಚೆಯೇ ಹೇಳಿಬಿಡಿ.

ಇನ್ನು ಫೋನಿನ ಆ್ಯಪ್‌ಗಳು. ವಯಸ್ಸು, ಶಾಲೆ ಎಷ್ಟು ಅಂತ ಕೇಳದೆ ಅಂಕ ಕೊಡುವ ಆ್ಯಪ್ ಬೇಡ. ಪರೀಕ್ಷೆ ಮುಗಿದ ಕೂಡಲೇ 'ನೆನಪಿನ ಪುಡಿ' ಮಾರಲು ಬರುವಂಥದ್ದು ಬೇಡವೇ ಬೇಡ. ಆಧಾರ್, ಬ್ಯಾಂಕ್ ವಿವರ, ಓಟಿಪಿ ಕೇಳಿದರೆ ತಕ್ಷಣ ಅಳಿಸಿ. ಮರೆವು ಶುರುವಾದ ಹಿರಿಯರೇ ಮೋಸಗಾರರಿಗೆ ಸುಲಭದ ಬೇಟೆ. 'ದಿನಾ ಈ ಆಟ ಆಡಿದರೆ ಮರೆವು ಬರಲ್ಲ' ಅನ್ನುವ ಮಾತಿಗೂ ಮರುಳಾಗಬೇಡಿ. ಅಂಥ ಜಾಹೀರಾತು ಮಾಡಿದ್ದಕ್ಕೆ ಲ್ಯುಮೋಸಿಟಿ ಕಂಪನಿ 2016ರಲ್ಲಿ ಅಮೆರಿಕದಲ್ಲಿ 20 ಲಕ್ಷ ಡಾಲರ್ ಕಟ್ಟಬೇಕಾಯಿತು. ಪದಬಂಧ, ಚೌಕಾಬಾರ ಖುಷಿಗೆ ಆಡಲಿ, ಪರವಾಗಿಲ್ಲ.

ಎಲ್ಲಿಗೆ ಹೋಗುವುದು

ನಿಮ್ಹಾನ್ಸ್‌ಗೇ ಹೋಗಬೇಕು ಅಂತ ಬೆಂಗಳೂರು ಬಸ್ ಹತ್ತುವುದು ಆಮೇಲಿನ ಮಾತು. ಮೊದಲು ಹತ್ತಿರದಲ್ಲಿ ನೋಡಿ. ರಾಯಚೂರಿನಲ್ಲಿ ರಿಮ್ಸ್ ಇದೆ, ಕೊಪ್ಪಳದಲ್ಲಿ ಕಿಮ್ಸ್. ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಹೆಸರು ಬದಲಾಗಿದೆ, ಆದರೆ ಆಟೊದವರಿಗೆ ವಿಮ್ಸ್ ಅಂದರೇ ಗೊತ್ತು. ಮೂರೂ ಕಡೆ ಮನೋವೈದ್ಯ ವಿಭಾಗದ ಓಪಿಡಿಯಲ್ಲಿ 'ಮರೆವಿನ ಪರೀಕ್ಷೆ' ಅಂತ ಕೇಳಿ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ಅನ್ನುವ ಯೋಜನೆ ಇದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಅಂತ ಫೋನ್ ಮಾಡಿ ತಿಳಿದುಕೊಂಡು ಹೊರಡಿ. 2022ರಲ್ಲಿ ನಿಮ್ಹಾನ್ಸ್ ಜತೆ ಸೇರಿ ರಾಜ್ಯ ಸರ್ಕಾರ ಕರ್ನಾಟಕ ಬ್ರೇನ್ ಹೆಲ್ತ್ ಇನಿಶಿಯೇಟಿವ್ ಶುರು ಮಾಡಿತು. ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ತೆರೆಯುವುದು ಅದರ ಭಾಗ, ಅದನ್ನೂ ವಿಚಾರಿಸಿ.

ಮನೋವೈದ್ಯರು ಅಂದ ಕೂಡಲೇ ಮನೆಯಲ್ಲಿ "ನಮಗೇನು ಹುಚ್ಚಾ?" ಅನ್ನುವ ಮಾತು ಬರುತ್ತದೆ. ಅವರಿಗೆ ಬಳ್ಳಾರಿಯ ಕತೆ ಹೇಳಿ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್‌ಗಳಿಗೇ ಮಾನಸಿಕ ಚಿಕಿತ್ಸೆ ಕಲಿಸಿದರು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ದೇಶ ನಮ್ಮಿಂದ ಕಲಿತ ಕೆಲಸಕ್ಕೆ ನಾವೇ ನಾಚಿಕೊಂಡರೆ ಹೇಗೆ, ಅಲ್ವಾ?

ಮೊದಲು ಯಾರನ್ನಾದರೂ ಕೇಳಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಿರಿಯರ ಸಹಾಯವಾಣಿ 14567. ಎರಡಕ್ಕೂ ದುಡ್ಡಿಲ್ಲ.

ಪರೀಕ್ಷೆಯ ದಿನ

ಬೆಳಿಗ್ಗೆ ಹೊತ್ತು ಕೇಳಿ ಪಡೆಯಿರಿ. ನಮ್ಮ ಕಡೆ ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಬಿಸಿಲಲ್ಲಿ ಬಸ್ ಇಳಿದು ಬಂದವರನ್ನು ಮಧ್ಯಾಹ್ನ ಕೂರಿಸಿದರೆ ಯಾರಿಗೆ ತಾನೇ ಐದು ಪದ ನೆನಪಿರುತ್ತದೆ? ತಿಂಡಿ, ನೀರು, ದಿನದ ಮಾತ್ರೆ ಎಲ್ಲ ಆಗಿರಲಿ. ಹಿಂದಿನ ರಾತ್ರಿ ನಿದ್ದೆ ಆಗದಿದ್ದರೆ, ಜ್ವರ ಇದ್ದರೆ, ಮನೆಯಲ್ಲಿ ಸಾವು ನೋವು ಆಗಿದ್ದರೆ ದಿನ ಮುಂದೂಡಿ. ಕನ್ನಡಕ, ಕಿವಿ ಯಂತ್ರ ಮರೆಯಬೇಡಿ.

ಟ್ಯಾಬ್ ಮುಟ್ಟಿಯೇ ಗೊತ್ತಿಲ್ಲದವರಿಗೆ ಎರಡು ದಿನ ಮುಂಚೆ ಮನೆಯ ಫೋನಿನಲ್ಲಿ ಬೆರಳು ಆಡಿಸಲು ಕಲಿಸಿ. ಫೋಟೊ ಸರಿಸುವುದು, ಒತ್ತಿ ಬಿಡುವುದು, ಅಷ್ಟು ಸಾಕು. ಹೊಲದ ಕೆಲಸ ಮಾಡಿದ ಕೈಯ ಬೆರಳು ಗಟ್ಟಿಯಾಗಿರುತ್ತದೆ, ಒಣಗಿರುತ್ತದೆ. ಒಮ್ಮೊಮ್ಮೆ ಪರದೆಗೆ ಆ ಮುಟ್ಟುವಿಕೆ ತಿಳಿಯುವುದೇ ಇಲ್ಲ. ಮಾವ ಮೂರು ಸಲ ಒತ್ತಿದರೂ ಟ್ಯಾಬ್ ಸುಮ್ನೆ ಕೂತಿತ್ತು. ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿಕೊಂಡ ಮೇಲೆ ಸರಿಹೋಯಿತು. ಅಭ್ಯಾಸದ ಸುತ್ತು ಮುಗಿದು ಅವರು ಹೂಂ ಅಂದ ಮೇಲೇ ನಿಜವಾದ ಪರೀಕ್ಷೆ ಶುರುವಾಗಲಿ. ಆದರೆ ಪರೀಕ್ಷೆಯ ಪದಗಳನ್ನೇ ಮನೆಯಲ್ಲಿ ಬಾಯಿಪಾಠ ಮಾಡಿಸಬೇಡಿ. ಮೊಮ್ಮಕ್ಕಳು ಪ್ರೀತಿಯಿಂದ ಈ ಕೆಲಸ ಮಾಡಿಬಿಡುತ್ತಾರೆ.

ಮನೆಯವರಲ್ಲಿ ಒಬ್ಬರು ಮಾತ್ರ ಅವರ ಜತೆ ಒಳಗೆ ಹೋಗಿ, ಹಿಂದೆ ಕೂತುಕೊಳ್ಳಿ, ಬಾಯಿ ಮುಚ್ಚಿಕೊಳ್ಳಿ. ಇದು ಹೇಳುವಷ್ಟು ಸುಲಭ ಅಲ್ಲ. ಮಾವ ಐದನೇ ಪದಕ್ಕೆ ತಡಕಾಡಿದಾಗ ಅತ್ತೆಯ ತುಟಿ ಅಲ್ಲಾಡಿತು, ಮಾವ ಅದನ್ನು ನೋಡಿ ಹೇಳಿದರು. ಆ ಭಾಗವನ್ನೇ ಬಿಡಬೇಕಾಯಿತು.

ಇನ್ನೊಂದು ಮಾತು. ಸುಳ್ಳು ಹೇಳಿ ಕರಕೊಂಡು ಹೋಗಬೇಡಿ. "ಸಕ್ಕರೆ ಚೆಕ್ ಮಾಡಿಸೋಣ ಬಾ" ಅಂತ ಕರೆದು ಅಲ್ಲಿ ಗಡಿಯಾರದ ಚಿತ್ರ ಬಿಡಿಸು ಅಂದರೆ ಅವಮಾನ ಆಗುತ್ತದೆ. ನಾನು ಮಾವನಿಗೆ ಹೇಳಿದ್ದು ಇಷ್ಟು: "ಮಾವ, ಪಟ್ಟಿ ಎರಡು ಸಲ ಬರೀತಿದ್ದೀರಿ. ಕಣ್ಣೋ, ತಲೆಯೋ, ಮಾತ್ರೆಯೋ ನೋಡಿಸೋಣ." ಸ್ವಲ್ಪ ಹೊತ್ತು ಸುಮ್ನಿದ್ದರು. "ನಂಗೂ ಗೊತ್ತಾಗೇತಿ" ಅಂದರು.

ಅಂಕ ಬಂತು, ಮುಂದೆ?

ಅಂಕ ಕಡಿಮೆ ಅಂದರೆ ಕಾಯಿಲೆ ಅಂತಲ್ಲ. ಲಾಸಿ ಡ್ಯಾಡ್ ಅನ್ನುವ ದೊಡ್ಡ ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಜನರಿಗೆ ಡಿಮೆನ್ಷಿಯಾ ಇದೆ. 100 ಜನರನ್ನು ಸಾಲಾಗಿ ನಿಲ್ಲಿಸಿ ಅಂದುಕೊಳ್ಳಿ. ಕಾಯಿಲೆ ಇರುವವರು 7. ಪರೀಕ್ಷೆ ಅವರಲ್ಲಿ 6 ಜನರನ್ನು ಹಿಡಿಯಿತು ಅಂತಿಟ್ಟುಕೊಳ್ಳಿ. ಉಳಿದ 93ರಲ್ಲಿ ಹತ್ತಕ್ಕೆ ಒಬ್ಬರ ಲೆಕ್ಕದಲ್ಲಿ 9 ಜನರನ್ನು ಸುಮ್ನೆ ಹಿಡಿಯಿತು ಅಂತಿಟ್ಟುಕೊಳ್ಳಿ. ಒಟ್ಟು ಸಿಕ್ಕಿಬಿದ್ದವರು 15, ಅದರಲ್ಲಿ 9 ಜನಕ್ಕೆ ಏನೂ ಇಲ್ಲ! ಇದು ತಿಳಿಯಲಿ ಅಂತ ನಾನು ಹಾಕಿದ ಲೆಕ್ಕ, ಆದರೆ ಜರಡಿಯ ಗುಣ ಇಂಥದ್ದೇ. ಏನೂ ತೊಂದರೆ ಕಾಣದ ಹಿರಿಯರನ್ನೆಲ್ಲ ಹೀಗೆ ಪರೀಕ್ಷಿಸಿದರೆ ಲಾಭವೋ ನಷ್ಟವೋ ಹೇಳಲು ಸಾಕಷ್ಟು ಆಧಾರ ಇಲ್ಲ ಅಂತ ಅಮೆರಿಕದ ತಜ್ಞರ ಸಮಿತಿ 2020ರಲ್ಲಿ ಹೇಳಿದೆ. ಓಣಿಯಲ್ಲಿ ಶಿಬಿರ ಹಾಕಿ ಎಲ್ಲರಿಗೂ ಟ್ಯಾಬ್ ಹಿಡಿಸುವುದಕ್ಕಿಂತ, ನೋಟ್‌ಬುಕ್‌ನಲ್ಲಿ ಏನಾದರೂ ಬಿದ್ದವರಿಗೆ ಮಾಡಿಸುವುದು ಮೇಲು ಅಂತ ನನ್ನ ಅನಿಸಿಕೆ.

ಅಂಕ ಚೆನ್ನಾಗಿ ಬಂದರೂ ನೋಟ್‌ಬುಕ್ ತುಂಬಿದ್ದರೆ ಡಾಕ್ಟರ್‌ಗೆ ತೋರಿಸಿ. ಬಹಳ ಓದಿದವರು, ಲೆಕ್ಕದಲ್ಲಿ ಪಳಗಿದವರು ಪರೀಕ್ಷೆಯನ್ನು ದಾಟಿಬಿಡುತ್ತಾರೆ.

ಅಂಕ ಕಡಿಮೆ ಬಂದಾಗ ಡಾಕ್ಟರ್ ಮಾಡಿಸುವ ರಕ್ತಪರೀಕ್ಷೆಗಳಲ್ಲಿ ಬಿ12, ಥೈರಾಯ್ಡ್, ಸಕ್ಕರೆ, ಸೋಡಿಯಂ, ಹಿಮೋಗ್ಲೋಬಿನ್ ಇರುತ್ತವೆ. ಬೇಕೆನಿಸಿದರೆ ತಲೆಯ ಸ್ಕ್ಯಾನ್. ಖಿನ್ನತೆಯನ್ನೂ ನೋಡುತ್ತಾರೆ. ಜೊತೆಯವರು ಹೋದ ಮೇಲೆ ಮಂಕಾಗುವ ಹಿರಿಯರು ಮರೆವಿನವರ ಹಾಗೇ ಕಾಣುತ್ತಾರೆ. ಇವುಗಳಲ್ಲಿ ಕೆಲವಕ್ಕೆ ಚಿಕಿತ್ಸೆ ಸುಲಭ. ಬೇಗ ಹೋಗಬೇಕು ಅನ್ನುವುದು ಅದಕ್ಕೇ. 'ಎಂಸಿಐ' ಅಂತ ಬರೆದಿದ್ದರೆ ಅದು ವಯಸ್ಸಿಗೆ ಮೀರಿದ ಸಣ್ಣ ಮರೆವು. ದಿನದ ಕೆಲಸ ಇನ್ನೂ ತಾವೇ ಮಾಡಿಕೊಳ್ಳುತ್ತಾರೆ. ಕೆಲವರಿಗೆ ಮುಂದೆ ಡಿಮೆನ್ಷಿಯಾ ಆಗುತ್ತದೆ, ಕೆಲವರು ಹಾಗೇ ಉಳಿಯುತ್ತಾರೆ, ಕೆಲವರು ಸರಿಹೋಗುತ್ತಾರೆ.

ಮಾವನಿಗೆ ಬಿ12 ತೀರಾ ಕಡಿಮೆ ಇತ್ತು. ಇಂಜೆಕ್ಷನ್ ಶುರುವಾಯಿತು, ಕಣ್ಣಿನ ಪೊರೆ ತೆಗೆಸಿದೆವು. ಆರು ತಿಂಗಳಿಗೆ ಮತ್ತೆ ಬನ್ನಿ ಅಂದರು.

ಎರಡನೇ ಸಲ

ಕಂಪ್ಯೂಟರ್ ಪರೀಕ್ಷೆಯ ನಿಜವಾದ ಉಪಯೋಗ ಕಾಣುವುದು ಎರಡನೇ ಸಲ. ಆಗ ಅವರನ್ನು ಹೋಲಿಸುವುದು ಊರಿನವರ ಜತೆಯಲ್ಲ, ಆರು ತಿಂಗಳ ಹಿಂದಿನ ಅವರ ಜತೆಗೇ. ಎರಡನೇ ಸಲ ಅಂಕ ಸ್ವಲ್ಪ ಮೇಲೇರುವುದು ಸಹಜ, ಆಟ ಗೊತ್ತಾಗಿರುತ್ತದೆ. ಅದಕ್ಕೇ ಪದಗಳು ಬೇರೆ ಇರುವ ರೂಪ ಕೊಡಿ ಅಂತ ಕೇಳಿ. ವಾರಕ್ಕೊಮ್ಮೆ ಮಾಡಿಸಿ ನೋಡುವುದರಲ್ಲಿ ಅರ್ಥವಿಲ್ಲ. ಮೊದಲ ಸಲದ ಆಸ್ಪತ್ರೆ, ಅದೇ ಪರೀಕ್ಷೆ, ಅದೇ ಭಾಷೆ, ಬೆಳಗಿನ ಅದೇ ಹೊತ್ತು ಇದ್ದರೆ ಒಳ್ಳೆಯದು. ಮೊದಲ ವರದಿಯ ಜೆರಾಕ್ಸ್ ಇಟ್ಟುಕೊಂಡಿರಿ. ಓಪಿಡಿ ಚೀಟಿ ಮನೆಯಲ್ಲಿ ಕಳೆಯುವಷ್ಟು ಬೇಗ ಬೇರೇನೂ ಕಳೆಯುವುದಿಲ್ಲ.

ಮಾವನ ಪದಗಳ ನೆನಪು ಎರಡನೇ ಸಲವೂ ಅಷ್ಟೇ ಇತ್ತು. ಗುರುತು ಕಂಡು ಒತ್ತುವ ವೇಗ ಮಾತ್ರ ಚೆನ್ನಾಗಿ ಸುಧಾರಿಸಿತ್ತು. ಅದರಲ್ಲಿ ಬಿ12ದು ಎಷ್ಟು, ಕಣ್ಣಿನದು ಎಷ್ಟು ಅಂತ ಬಿಡಿಸಿ ಹೇಳಲು ಬರುವುದಿಲ್ಲ ಅಂದರು ಡಾಕ್ಟರ್. ಗಂಜ್‌ಗೆ ಈಗಲೂ ಹೋಗುತ್ತಾರೆ, ಅರ್ಧ ದಿನ. ಪಟ್ಟಿ ಬರೆದ ಮೇಲೆ ಹುಡುಗನೊಬ್ಬ ನೋಡಿ ಟಿಕ್ ಹಾಕುತ್ತಾನೆ. ಮನೆಯ ಬ್ಯಾಂಕ್ ಪಾಸ್‌ಬುಕ್, ನಾಮಿನಿ ಕಾಗದಗಳನ್ನು ಅವರೇ ಕೂತು ಅತ್ತೆಗೆ ತೋರಿಸಿದರು. ಈ ಕೆಲಸವನ್ನು ಅವರಿಗೆ ತಿಳುವಳಿಕೆ ಚೆನ್ನಾಗಿರುವಾಗಲೇ, ಅವರ ಕೈಯಿಂದಲೇ ಮಾಡಿಸಿ.

ಮುಂದಿನ ಪರೀಕ್ಷೆ ಒಂದು ವರ್ಷಕ್ಕೆ. ನಡುವೆ ಬದಲಾವಣೆ ಜಾಸ್ತಿ ಕಂಡರೆ ಅಲ್ಲಿಯವರೆಗೆ ಕಾಯಬೇಡಿ, ನೋಟ್‌ಬುಕ್ ಹಿಡಿದು ಹೋಗಿ.